ಒಂಬತ್ತನೆಯ ಹಾಳೆ

ತೊಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೊಟ್.

ನೀಲಾಂಬಿಕಾ ಕತ್ತಲಲ್ಲೇ ಗಂಡನನ್ನು ತಿವಿದಳು. "ಏನೋ ಸಪ್ಪಳ ಆಗಾಕತ್ತೈತ್ರೀ."

"ನಳ ಇರಬೇಕು, ಸುಮ್ನ ಮಕ್ಕೋ," ಎಂದ ಗುರುಸಿದ್ದಪ್ಪ. ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಯುವವನಿಗೆ ಇದೆಲ್ಲ ಯಾವ ಸಪ್ಪಳ?

ಬೆಳಗ್ಗೆ ನೋಡಿದರೆ ಕೂಲರ್ ಸೋರಿ, ಅದರ ಕೆಳಗೆ ಸ್ಟೂಲಿನ ಮೇಲಿದ್ದ ಫೈಲು ಸಾರಿನಲ್ಲಿ ಅದ್ದಿದ ರೊಟ್ಟಿಯಂತಾಗಿತ್ತು. ಆಫೀಸಿನ ಕಪಾಟಿನ ಬೀಗ ಭದ್ರವಿಲ್ಲವೆಂದು ಅದನ್ನು ಮನೆಗೆ ತಂದವಳೂ ಅವಳೇ, ಅಲ್ಲಿಟ್ಟವಳೂ ಅವಳೇ.

ವಿಶ್ವವಿದ್ಯಾಲಯದಲ್ಲಿ 'ಆದಿವಾಸಿ ವ್ಯವಸ್ಥಾಪನೆ' ಎಂಬ ಹೊಸ ಪದವಿ ತೆರೆಯಲು ಸರಕಾರದ ಅನುದಾನ ಬೇಡಿ ವಿಭಾಗದ ಮುಖ್ಯಸ್ಥರು ಬರೆದ ಅರ್ಜಿ ಅದು. ಆ ಮಧ್ಯಾಹ್ನವೇ ದಿಲ್ಲಿಯ ಸಮಿತಿ ಬರುವುದಿತ್ತು. ಮಂಜೂರಾದರೆ, ಆರು ವರ್ಷದಿಂದ ಹಂಗಾಮಿಯಾಗಿದ್ದ ನೀಲಾಂಬಿಕಾ ಖಾಯಂ ಉಪನ್ಯಾಸಕಿ. ಕಾಡಿನ ಜನರ ಬಗ್ಗೆ ಪಾಠ ಹೇಳಬೇಕಾದವಳು ಊರಂಚಿನ ವಾಡಿಯ ಗೋದಾಮುಗಳಾಚೆ ಕಾಲಿಟ್ಟವಳಲ್ಲ. ಇನ್ನು ವ್ಯವಸ್ಥಾಪನೆಯೋ, ಒಂದು ಕೂಲರೂ ಅವಳ ಮಾತು ಕೇಳಿರಲಿಲ್ಲ.

ಪಕ್ಕದ ಮನೆಯ ಪೊನ್ನಮ್ಮ, ಏರ್‌ಫೋರ್ಸಿನವರ ಹೆಂಡತಿ, ಕರೆಯದೆಯೇ ಬಂದರು. "ಅಯ್ಯೋ, ಇಷ್ಟಕ್ಕೆ ಅಳ್ತೀರಾ? ನಮ್ಮವರ ಯೂನಿಫಾರ್ಮನ್ನೇ ಹತ್ತು ನಿಮಿಷಕ್ಕೆ ಒಣಗಿಸ್ತೀನಿ ನಾನು. ಇಸ್ತ್ರಿ ತನ್ನಿ, ಜಲ್ದಿ!"

ಎಂಟು ಹಾಳೆ ಹಪ್ಪಳದಂತೆ ಗರಿಗರಿಯಾದವು. ಒಂಬತ್ತನೆಯದರ ಹೊತ್ತಿಗೆ ಪೊನ್ನಮ್ಮ ಮನೀಶ್ ನಗರದಲ್ಲಿ ಯಾರೋ ಸೈಟು ಕೊಂಡ ಸುದ್ದಿ ತೆಗೆದರು. ಸುದ್ದಿ ಮುಗಿಯುವಷ್ಟರಲ್ಲಿ ಹಾಳೆಯ ನಡುವೆ ಇಸ್ತ್ರಿಯಾಕಾರದ ಕಿಟಕಿ!

"ಒಂದೇ ತಾನೆ ಹೋಗಿದ್ದು? ಉಳಿದದ್ದೆಲ್ಲ ಬರೋಬರ್ ಇದೆ," ಎಂದು ಅವರು ಹೊರಟೇಬಿಟ್ಟರು.

ನೀಲಾಂಬಿಕಾ ರಿಕ್ಷಾ ಹತ್ತಿ ಆಫೀಸಿಗೆ ಧಾವಿಸಿ, ನೆನಪಿನಿಂದಲೇ ಆ ಹಾಳೆಯನ್ನು ಟೈಪು ಮಾಡತೊಡಗಿದಳು. ಬೇಕಾದವುಗಳ ಪಟ್ಟಿ. ಜೀಪು ಎರಡು. ಟೈಪ್‌ರೈಟರ್ ಎರಡು. ಕೂಲರ್ ಎರಡು. ಉಪನ್ಯಾಸಕರು... ಬೆರಳು ನಿಂತಿತು. ಮೊದಲಿನ ಹಾಳೆಯಲ್ಲಿ ಇದೂ ಎರಡೇ ಇತ್ತು. ಆದರೆ ಪಾಠಕ್ಕೆ ಒಬ್ಬಳು ಸಾಕು, ಆ ಒಬ್ಬಳು ತಾನೇ. ತನ್ನ ಸಾಲಿನಲ್ಲೇ ಹೆಚ್ಚು ಬರೆದರೆ ದುರಾಸೆ ಎನ್ನಲಾರರೇ? ಅರ್ಜಿಯೇ ಬಿದ್ದುಹೋದರೆ? 'ಒಂದು' ಎಂದು ಹೊಡೆದು, ತನ್ನ ಪ್ರಾಮಾಣಿಕತೆಗೆ ತಾನೇ ಬೆನ್ನು ತಟ್ಟಿಕೊಂಡಳು.

ಸಂಜೆ ವಿಭಾಗದ ಮುಖ್ಯಸ್ಥ ವೇಣುಗೋಪಾಲ ಸರ್ ಕಿತ್ತಳೆಯ ಸಂತ್ರಾ ಬರ್ಫಿಯೊಂದಿಗೆ ಬಂದರು. "ಮಂಜೂರಾಯ್ತಮ್ಮ! ಈಗ ಗುಟ್ಟು ಹೇಳ್ತೀನಿ ಕೇಳಿ. ದಿಲ್ಲಿಯವರು ಓದೋದೇ ಇಲ್ಲ, ಸಾಲುಸಾಲಿಗೂ ಕೆಂಪು ಪೆನ್ಸಿಲ್ಲಲ್ಲಿ ಅರ್ಧ ಹೊಡೀತಾರೆ. ಅದಕ್ಕೇ ನಾನು ಎಲ್ಲ ಎರಡೆರಡು ಕೇಳಿದ್ದು."

ನೀಲಾಂಬಿಕಾ ಬಾಯಿಗೊಯ್ದ ಬರ್ಫಿಯನ್ನು ಮತ್ತೆ ಡಬ್ಬಿಯಲ್ಲಿಟ್ಟಳು.

"ಜೀಪು ಒಂದು, ಟೈಪ್‌ರೈಟರ್ ಒಂದು, ಕೂಲರ್ ಒಂದು..." ಮಂಜೂರಾತಿ ಪಟ್ಟಿ ಓದುತ್ತಿದ್ದ ಸರ್ ಕನ್ನಡಕ ಏರಿಸಿದರು. "ಉಪನ್ಯಾಸಕರು ಅರ್ಧ? ಅರ್ಧ ದಿನ, ಅರ್ಧ ಸಂಬಳ, ಅದೂ ಖಾಯಂ! ಎರಡು ಅಂತ ಬರೆದಿದ್ದೆನಲ್ಲಮ್ಮ, ಇದನ್ನ ಒಂದು ಮಾಡಿದ್ದು ಯಾರು?"

"ಟೈಪ್‌ರೈಟರ್ ಹಳೇದು, ಸರ್," ಎಂದಳು, ಅಳೆದು ತೂಗಿ.

"ಹೋಗಲಿ ಬಿಡಿ, ಹೊಸ ಕೂಲರ್ ನಿಮ್ಮ ಮೇಜಿನ ಪಕ್ಕಕ್ಕೇ ಹಾಕಿಸ್ತೀನಿ."

ಮನೆ ಬಾಗಿಲಲ್ಲೇ ಗುರುಸಿದ್ದಪ್ಪ ಕಾದಿದ್ದ. "ಏನಾತು, ಮಂಜೂರಾತೇನು?" ಕಾಂಪೌಂಡಿನ ಮೇಲಿಂದ ಪೊನ್ನಮ್ಮನೂ ಕತ್ತು ಚಾಚಿದರು. "ಹೇಗೆ ನನ್ನ ಕೈಗುಣ?"

"ಮಂಜೂರಾತು. ನಾ ಖಾಯಂ ಆದೆ," ಎಂದಳು ನೀಲಾಂಬಿಕಾ. ಉಳಿದರ್ಧವನ್ನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ, ಒಳಗೆ ಹೋಗಿ ಕೂಲರಿನ ಕೆಳಗೊಂದು ಬಕೆಟ್ ಇಟ್ಟಳು.