ಕೊಗ್ಗನ ಹದಿನೇಳು ಕ್ಷೌರ

ಕೊಗ್ಗನ ಕಷ್ಟಕ್ಕೆಲ್ಲ ಮೂಲ ಒಂದು ಸಿಮ್ ಕಾರ್ಡು. ಎಣ್ಣೆಯ ಬೆಲೆ ನೆಲ ಕಚ್ಚಿ ಕೊಲ್ಲಿ ದೇಶದ ಇಬ್ರಿ ಪಟ್ಟಣದಲ್ಲಿದ್ದ ಅವನ ಕಂಪೆನಿ ಬಾಗಿಲು ಹಾಕಿದಾಗ ಅವನ ವೀಸಾದ ವಾಯಿದೆಯೂ ತೀರುವುದರಲ್ಲಿತ್ತು. ಪಕ್ಕದ ಕೋಣೆಯ ಆಸ್ವಾಲ್ಡ್ ಕೇಳದೆಯೇ ಬುದ್ಧಿ ಹೇಳಿದ: "ವೀಸಾ ಕೊಟ್ಟ ಕಫೀಲ್ ಫೋನ್ ಮಾಡಿದ್ರೆ ಎತ್ತಬೇಡ ಮಾರಾಯ. ಕರೆದು ಪೊಲೀಸರಿಗೆ ಕೊಡ್ತಾನೆ. ನಂಬರೇ ಬದಲಿಸಿ ಬಿಡು."

ಕೊಗ್ಗ ಬದಲಿಸಿದ. ಎಂಟು ತಿಂಗಳು ಕಳ್ಳಬೆಕ್ಕಿನಂತೆ ಓಡಾಡಿದ. ಪೊಲೀಸ್ ಜೀಪು ಕಂಡರೆ ಊರವನೊಬ್ಬನ ಕ್ಷೌರದಂಗಡಿಗೆ ನುಗ್ಗುವನು. ನುಗ್ಗಿದ ಮೇಲೆ ಸುಮ್ಮನೆ ಕೂರುವಂತಿಲ್ಲವಲ್ಲ. ಹದಿನೇಳನೆಯ ಕ್ಷೌರದ ಹೊತ್ತಿಗೆ ತಲೆ ಸುಲಿದ ತೆಂಗಿನಕಾಯಿಯಾಗಿತ್ತು.

ಕೊನೆಗೆ ಸರ್ಕಾರ ಮಾಫಿ ಸಾರಿತು: ವೀಸಾ ಇಲ್ಲದವರು ಹೆಸರು ಬರೆಸಿ ದಂಡವಿಲ್ಲದೆ ಊರಿಗೆ ಹೋಗಬಹುದು. ಆಸ್ವಾಲ್ಡನೇ ಬೆಳಿಗ್ಗೆ ಎಬ್ಬಿಸಿ, ಕಾರಿನಲ್ಲಿ ವೀಸಾ ಇಲಾಖೆಗೆ ಒಯ್ದು, ಹೆಸರು ಬರೆಸಿ, ಬೆರಳಚ್ಚು ಕೊಡಿಸಿದ. ಹೊರಗೆ ಬಂದ ಮೇಲೆ ಹೇಳಿದ: "ಒಂದು ಮಾತು ಮರೆತಿದ್ದೆ. ಹೀಗೆ ಹೋದವ್ರಿಗೆ ಎರಡು ವರ್ಷ ಪುನಃ ಬರ್ಲಿಕ್ಕಿಲ್ಲ."

ದುಕ್ಮ್ ಬಂದರಿನ ಕ್ಯಾಂಪಿನಲ್ಲಿ ಸ್ಟೋರ್‌ಕೀಪರ್ ಕೆಲಸ ಕೊಗ್ಗನಿಗಾಗಿ ಕಾದಿತ್ತು. ಊರಿಗೆ ಹೋಗಿ ಹೊಸ ವೀಸಾದಲ್ಲಿ ಮರಳುವುದೆಂದು ಹೆಂಡತಿ ವಿನೋದಾಗೂ ಹೇಳಿಯಾಗಿತ್ತು.

"ಇದನ್ನು ಮೊದಲೇ ಹೇಳ್ಬಾರ್ದಿತ್ತಾ ನೀವು?"

"ಹೆದರ್ಬೇಡ. ಆಕ್ಷೇಪ ಇಲ್ಲ ಅಂತ ಕಫೀಲ್ ಪತ್ರ ಕೊಟ್ರೆ ಆ ಎರಡು ವರ್ಷ ಬಿಡ್ತಾರೆ. ಯಲ್ಲಾ, ನಡಿ, ಹೋಗಿ ಕಾಲು ಹಿಡಿಯುವ."

ಅವರು ಅವನ ಅಂಗಡಿ ತಲುಪುವಾಗ ಹನ್ನೊಂದೂವರೆ. ಮುದಿ ಕಫೀಲ್ ಕೊಗ್ಗನನ್ನು ಕಂಡದ್ದೇ ಬಾಚಿ ತಬ್ಬಿಕೊಂಡ, ಖರ್ಜೂರ ತಿನ್ನಿಸಿದ. ಆಮೇಲೆ ಡ್ರಾಯರಿನಿಂದ ಒಂದು ಕಾರ್ಡು ತೆಗೆದು ಮುಂದಿಟ್ಟ. ಅದರಲ್ಲಿ ಕೊಗ್ಗನದೇ ಫೋಟೋ, ತಲೆತುಂಬ ಕೂದಲು.

"ನಿನ್ನ ವೀಸಾ ಹೊಸದು ಮಾಡಿಸಿ ಎಂಟು ತಿಂಗಳಾಯಿತು," ಎಂದ ಮುದುಕ, ತನಗೆ ಬರುವ ಹಿಂದಿಯಲ್ಲಿ. "ಕಂಪೆನಿ ಹೋದರೇನು, ನನ್ನ ಅಂಗಡಿ ಇದೆಯಲ್ಲ. ಎಷ್ಟು ಸಲ ಫೋನ್ ಮಾಡಿದೆ ನಿನಗೆ."

ಕೊಗ್ಗನ ಬಾಯಿಂದ ಖರ್ಜೂರದ ಬೀಜ ಜಾರಿ ಬಿತ್ತು. "ಹಾಗಾದರೆ ನನ್ನದು ಸರಿ ಇದೆಯಾ?"

"ಹತ್ತೂವರೆಯ ತನಕ ಇತ್ತು. ಇಲಾಖೆಯವರು ಫೋನ್ ಮಾಡಿ, ನಿಮ್ಮವನು ಊರಿಗೆ ಹೋಗಲು ಹೆಸರು ಬರೆಸಿದ್ದಾನೆ ಅಂದರು. ಪಾಪ, ಹೆಂಡತಿಯ ನೆನಪಾಗಿರಬೇಕು ಅಂತ ನಾನೇ ಓಡಿಹೋಗಿ ವೀಸಾ ರದ್ದು ಮಾಡಿಸಿ ಬಂದೆ. ಖಲಾಸ್."

"ಪತ್ರವಾದರೂ ಕೊಡಿ."

"ವೀಸಾ ಇದ್ದು ಹೋಗುವವನಿಗೆ ಬರೆಯಬಹುದಿತ್ತು ಮಗಾ. ಮಾಫಿಯಲ್ಲಿ ಹೋಗುವವರಿಗೆ ಅದು ನಡೆಯುವುದಿಲ್ಲ."

ಕೊಗ್ಗ ಗರಬಡಿದವನಂತೆ ಬೀದಿಗಿಳಿದ. ಎಂಟು ತಿಂಗಳು ಎದೆ ಸೆಟೆಸಿ ನಡೆಯಬಹುದಿತ್ತು. ಆಸ್ವಾಲ್ಡ್ ಅವನ ಹೆಗಲ ಮೇಲೆ ಕೈಯಿಟ್ಟ. "ನಾನು ಆವತ್ತೇ ಹೇಳಿದ್ದೆ, ಈ ಕಫೀಲ್‌ನ ಸಹವಾಸ ಬೇಡ ಅಂತ."

ಅಷ್ಟರಲ್ಲಿ ತಿರುವಿನಲ್ಲಿ ಪೊಲೀಸ್ ಜೀಪು ಕಂಡಿತು. ಕೊಗ್ಗನ ಕಾಲುಗಳು ತಾವಾಗಿಯೇ ಅದೇ ಊರವನ ಕ್ಷೌರದಂಗಡಿ ಹೊಕ್ಕವು.

ಅಂಗಡಿಯವನು ಆ ತಲೆಯನ್ನೊಮ್ಮೆ ನೋಡಿ ಕತ್ತರಿ ಕೆಳಗಿಟ್ಟ. "ಇನ್ನು ತೆಗೀಲಿಕ್ಕೆ ಎಂತ ಉಂಟು ಕೊಗ್ಗಣ್ಣ?"