ಬೀಗ್ತಿಯ ಮೊಣಕೈ ಹಿಂದೆ ನನ್ನ ಅರ್ಧ ಮುಖ

ನಂಬುವುದು ನನ್ನ ಕೈಲಿ ಆಗದ ಕೆಲಸ. ಹಾಲು ತಂದವನ ಎದುರಿಗೇ ಬೆರಳು ಅದ್ದಿ ನೋಡುತ್ತೇನೆ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಮೇಲಿನ ಸಾಲಿಗೆ ಕೈ ಹಾಕುವುದೇ ಇಲ್ಲ. ಮುಂದೆ ಇಟ್ಟದ್ದನ್ನು ಯಾಕೆ ಮುಂದೆ ಇಟ್ಟಾರು ಅಂತ ಮೊದಲು ವಿಚಾರ ಮಾಡುತ್ತೇನೆ. ಹಿಂಗಾಗಿ ನಮ್ಮ ಮನೆಯಲ್ಲಿ ಯಾರೂ ನನ್ನೆದುರು ಪಿಸುಮಾತು ಆಡುವುದಿಲ್ಲ. ಆಡಿದರೆ ಅದೇನೆಂದು ತಿಳಿಯುವ ತನಕ ನಾನು ಉಣ್ಣುವುದಿಲ್ಲ, ಅವರನ್ನೂ ನೆಟ್ಟಗೆ ಉಣ್ಣಗೊಡುವುದಿಲ್ಲ. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳಿಗೆ ಇಷ್ಟಾದರೂ ಬುದ್ಧಿ ಬೇಡವೇನ್ರಿ?

ನನ್ನ ಮೊಮ್ಮಗಳು ಪೂರ್ಣಿ ಇರಕಲ್ಲಗಡದಿಂದ ಕೊಪ್ಪಳದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಂಪ್ಯೂಟರ್ ಕಲಿಯುತ್ತಾಳೆ. ಮನೆಯ ಯಾವುದಾದರೂ ಒಂದು ಕೆಲಸವನ್ನು ಚಿತ್ರ, ಮಾತು, ಸಪ್ಪಳ ಎಲ್ಲ ಕೂಡಿಸಿ ಕಂಪ್ಯೂಟರಿನಲ್ಲಿ ತೋರಿಸಿರಿ ಅಂತ ಅಲ್ಲಿ ಹೇಳಿದ್ದರಂತೆ. ಈಕೆ ಹಳೆಯ ಸೀರೆ, ಅರಿವೆ ಕೂಡಿಸಿ ಕೌದಿ ಹೊಲಿಯುವುದನ್ನು ಆರಿಸಿಕೊಂಡಳು. ಹೊಲಿಯುವವಳು ನಾನು. ಪಕ್ಕದಲ್ಲಿ ನನ್ನ ಬೀಗ್ತಿ ಶರಣವ್ವ, ಅಂದರೆ ಸೊಸೆ ಗಿರಿಜಾಳ ತಾಯಿ. ಭತ್ತದ ಸೀಮೆಯ ಸಿದ್ದಾಪುರದಾಕಿ, ಕಾಲುವೆ ನೀರು ಕುಡಿದ ಗತ್ತು. ಮಗಳ ಮನೆಗೆ ಬಂದರೆ ಕೌದಿ ಮುಗಿಯುವ ತನಕ ಇರುತ್ತಾಳೆ, ನಮ್ಮ ಜೋಳದ ರೊಟ್ಟಿ ಮುರಿಯುತ್ತಾ "ನಮ್ಮ ಕಡೆ ಅನ್ನ ಮಲ್ಲಿಗಿ ಆದಂಗ ಆಗತೈತ್ರಿ" ಅನ್ನದೆ ಏಳುವುದಿಲ್ಲ. ಆದರೆ ಆಕೆಯ ಕಣ್ಣು ಮಾತ್ರ ಇನ್ನೂ ಹರೆಯದ್ದು. ನನಗೆ ದೂರದ್ದೆಲ್ಲ ಕಾಣುತ್ತದೆ, ಸೂಜಿಯ ತೂತು ಕಾಣುವುದಿಲ್ಲ. ಆಕೆ ದಾರ ಪೋಣಿಸಿ ಕೊಡುತ್ತಾಳೆ, ನಾನು ಹೊಲಿಯುತ್ತೇನೆ. ಇದನ್ನು ನಾನು ಓಣಿಯಲ್ಲಿ ಹೇಳಿಕೊಂಡು ತಿರುಗಿಲ್ಲ.

ಪೂರ್ಣಿ ಫೋಟೋ ತೆಗೆದಳು. ಆಮೇಲೆ ಕಂಪ್ಯೂಟರಿನಲ್ಲಿ ನನ್ನನ್ನು ಬೇರೆ, ಬೀಗ್ತಿಯನ್ನು ಬೇರೆ, ಕೌದಿಯನ್ನು ಬೇರೆ ಕತ್ತರಿಸಿ, ಮತ್ತೆ ಒಂದೇ ಕಡೆ ಕೂಡಿಸಿದಳು. ಕೂಡಿಸುವುದೇ ಆದರೆ ಕತ್ತರಿಸಿದ್ದು ಯಾಕೆ? ನನಗೆ ಸಂಶಯ ಬಂದದ್ದೇ ಅಲ್ಲಿ. ಹೋಗಿ ನೋಡಿದರೆ ಶರಣವ್ವ ಮುಂದೆ ಕಾಲು ಚಾಚಿ ಪೂರ್ತಿ ಕೂತಿದ್ದಾಳೆ. ಆಕೆಯ ಮೊಣಕೈ ಹಿಂದೆ ನನ್ನ ಅರ್ಧ ಮುಖ.

"ಏನಬೇ ಇದು? ನನ್ನ ಉಳಿದ ಅರ್ಧ ಎಲ್ಲಿ ಹೋತು?"

"ಐತಜ್ಜಿ, ಎಲ್ಲೂ ಹೋಗಿಲ್ಲ. ಆಕಿ ಮುಂದಿನ ಲೇಯರ್‌ನ್ಯಾಗ ಅದಾಳ, ನೀ ಹಿಂದಿನ ಪದರದಾಗ ಅದಿ. ಇದ್ರಾಗ ಎಲ್ಲಾ ಬರೇ ಆಬ್ಜೆಕ್ಟು. ಯಾವುದು ಮುಂದ, ಯಾವುದು ಹಿಂದ, ಎಷ್ಟು ಕಾಣಬೇಕು, ಎಲ್ಲಾ ನಾವ ಇಡೋದು."

"ನಾನೂ ಆಬ್ಜೆಕ್ಟೇನು?"

"ಹೂಂ."

"ಬೀಗ್ತಿ?"

"ಆಕಿನೂ."

ಸ್ವಲ್ಪ ಸಮಾಧಾನವಾಯಿತು. ಆದರೆ ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಪರದೆಯ ಮೇಲಿನ ಒಂದು ಗುಂಡಿಯನ್ನು ಎಡಕ್ಕೆ ಜಗ್ಗಿದಳು. ನಾನು ತೆಳ್ಳಗಾಗುತ್ತಾ ಹೋದೆ. ನನ್ನ ಹೊಟ್ಟೆಯೊಳಗಿಂದ ಹಿಂದಿನ ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರ್ ಎಲ್ಲ ಕಂಡವು. "ಜೀವ ಇದ್ದಾಗಲೇ ದೆವ್ವ ಮಾಡ್ತಿಯಲ್ಲಬೇ!" ಅಂದರೆ ನಕ್ಕಳು. ಪ್ರತಿಯೊಂದರ ಪಕ್ಕದಲ್ಲೂ ಒಂದು ಕಣ್ಣಿನ ಚಿತ್ರ ಇತ್ತು. ಅದನ್ನು ಒತ್ತಿದರೆ ಆ ಕಣ್ಣು ಮುಚ್ಚಿಕೊಳ್ಳುತ್ತದೆ, ಮನುಷ್ಯ ಮಾಯ. "ಹೋಗಿಲ್ಲಜ್ಜಿ, ಕಾಣವಲ್ಲಿ ಅಷ್ಟ" ಅಂದಳು. ಕಾಣದಿದ್ದರೂ ಇದ್ದೇನೆ ಅಂತ ಕಾಲೇಜಿನವರಿಗೆ ಹೇಗೆ ತಿಳಿಯಬೇಕು? ಮರುದಿನವೇ ಎಲ್ಲರೆದುರು ತೋರಿಸುವುದಿತ್ತು. ಕೌದಿ ನನ್ನದು, ಹೊಲಿಗೆ ನನ್ನದು. ನೋಡಿದವರು "ಶರಣವ್ವನ ಕೌದಿ ಭಾಳ ಛಲೋ ಐತಿ" ಅಂದುಬಿಟ್ಟರೆ?

ಅಷ್ಟರಲ್ಲಿ ಗಿರಿಜಾ ಚಹಾ ತಂದು ಮಗಳ ಕಿವಿಯಲ್ಲಿ ಏನೋ ಅಂದು ಹೋದಳು.

"ಏನಂದ್ಲು ನಿಮ್ಮವ್ವ?"

"ಸಕ್ಕರಿ ಸಾಕಾ ಅಂತ ಕೇಳಿದ್ಲು."

"ಸಕ್ಕರಿ ಕೇಳಾಕ ಕಿವಿತನಕ ಬರಬೇಕೇನು?"

ಶರಣವ್ವನನ್ನು ಮುಂದೆ ಕೂಡಿಸಿದ್ದು ಯಾರ ಕೆಲಸ ಅಂತ ನನಗೆ ಖಾತ್ರಿಯಾಯಿತು. ಬೇಳೆ ಹಸನು ಮಾಡುವ ನೆವದಲ್ಲಿ ಪೂರ್ಣಿಯ ಬೆನ್ನ ಹಿಂದೆ ಕೂತು, ಆಕೆ ಮೌಸ್ ಹಿಡಿದು ಏನನ್ನು ಎತ್ತ ಜಗ್ಗುತ್ತಾಳೆ ಎಂದು ಪೂರ್ತಿ ನೋಡಿಕೊಂಡೆ. ಬೇಳೆಯಲ್ಲಿ ಹರಳು ಹಂಗೇ ಉಳಿದವು.

ಸಂಜೆ ಪಕ್ಕದ ಮನೆಯ ಕೂಸನ್ನು ನೋಡಲು ಮೂವರೂ ಹೊರಟರು. "ಮೊಣಕಾಲು ಹಿಡಕೊಂಡೈತಿ, ನೀವು ಹೋಗಿ ಬರ್ರಿ" ಅಂದೆ. ಬಾಗಿಲು ಮುಚ್ಚಿದ ಸಪ್ಪಳ ಕೇಳಿದೊಡನೆ ಮೊಣಕಾಲು ಬಿಟ್ಟಿತು.

ಪೂರ್ಣಿ ತೆರೆದಿಟ್ಟು ಹೋದ ಕಂಪ್ಯೂಟರಿನ ಮುಂದೆ ಕೂತು ಮೊದಲು ಬೀಗ್ತಿಯನ್ನು ತೆಳ್ಳಗೆ ಮಾಡಿದೆ. ಹೊಗೆಯಂತಾದರೂ ಆ ಗತ್ತು ಹೋಗಲಿಲ್ಲ. ಆಕೆಯ ಕಣ್ಣನ್ನೇ ಮುಚ್ಚಿಬಿಟ್ಟೆ. ಇನ್ನು ನನ್ನನ್ನು ಎಲ್ಲರಿಗಿಂತ ಮುಂದೆ ತರಬೇಕಿತ್ತು. ಪರದೆಯ ಪಕ್ಕದಲ್ಲಿ ಸಣ್ಣ ಸಣ್ಣ ಚಿತ್ರಗಳು ಒಂದರ ಕೆಳಗೊಂದು ಇದ್ದವು. ಬೀಗ್ತಿ, ಆಕೆಯ ಕೆಳಗೆ ನಾನು, ಆಮೇಲೆ ಕೌದಿ, ಎಲ್ಲಕ್ಕಿಂತ ಅಡಿಯಲ್ಲಿ ಗೋಡೆ. ನಾನು ಕೌದಿ ಹೊಲಿಯುವ ರೀತಿ ಹೇಳುತ್ತೇನೆ, ಕೇಳಿರಿ. ಒಳ್ಳೆಯ ಸೀರೆಯನ್ನು ಮೊದಲು ನೆಲಕ್ಕೆ ಮುಖ ಮಾಡಿ ಹಾಸುತ್ತೇನೆ. ಅದರ ಮೇಲೆ ಹಳೆಯ ಧೋತರ, ಹರಿದ ಅರಿವೆ. ಹೊಲಿದು ಮುಗಿಸಿ ತಿರುವಿ ಹಾಕಿದರೆ ಅಡಿಯಲ್ಲಿದ್ದ ಸೀರೆಯೇ ಮೇಲೆ ಬರುತ್ತದೆ. ಪದರ ಅಂದ ಮೇಲೆ ಎಲ್ಲ ಕಡೆ ಒಂದೇ ಕಾನೂನು ಇರಬೇಕಲ್ಲ? ನನ್ನ ಚಿತ್ರ ಹಿಡಿದು ಗೋಡೆಗಿಂತಲೂ ಅಡಿಗೆ ಎಳೆದುಬಿಟ್ಟೆ. ಪರದೆಯ ಮೇಲೆ ನಾನು ಮಾಯ. ಹೆದರಲಿಲ್ಲ. ತಿರುವಿ ಹಾಕದೆ ಯಾವ ಕೌದಿಯ ಮುಖ ಕಂಡೈತಿ? ಆ ಕೆಲಸ ನಾಳೆ ಪೂರ್ಣಿ ಮಾಡುತ್ತಾಳೆ ಅಂದುಕೊಂಡು, ಮೊಣಕಾಲು ನೀವಿಕೊಳ್ಳುತ್ತಾ ನನ್ನ ಜಾಗಕ್ಕೆ ಹೋಗಿ ಕೂತೆ.

ಅವರು ಬಂದರು. "ಸಿದ್ದಾಪುರದಜ್ಜಿ, ಬಾ ಇಲ್ಲೆ, ನಿನಗ ತೋರಸ್ತೀನಿ" ಅಂತ ಶರಣವ್ವನನ್ನು ಕರೆದುಕೊಂಡು ಹೋದ ಪೂರ್ಣಿ ಅಲ್ಲಿಂದಲೇ ಚೀರಿದಳು. "ಯಾರು ಕೈ ಹಾಕ್ಯಾರ ಇದಕ್ಕ? ಒಬ್ಬರೂ ಇಲ್ಲ! ಬರೇ ಕೌದಿ ಬಿದ್ದೈತಿ!"

"ನಾ ಅಂತೂ ಮುಟ್ಟಿಲ್ಲವಾ" ಅಂದಳು ಗಿರಿಜಾ.

"ಬೆಕ್ಕು ಹತ್ತಿತ್ತು" ಅಂದೆ ನಾನು.

"ಹೌದಾ? ಬೆಕ್ಕು ಏನೇನು ಮಾಡೈತಿ ನೋಡೂಣು ತಡಿ."

ಆ ಕಂಪ್ಯೂಟರಿಗೆ ಒಂದು ಕೆಟ್ಟ ಚಟ ಇದೆ, ನನಗೆ ಗೊತ್ತಿರಲಿಲ್ಲ. ಮಾಡಿದ್ದನ್ನೆಲ್ಲ ನೆನಪಿಟ್ಟುಕೊಂಡು, ಕೇಳಿದರೆ ಹಿಂದಿನಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತದೆ. ಪೂರ್ಣಿ ಒತ್ತಿದಳು. ಗೋಡೆಯ ಅಡಿಯಿಂದ ನಾನು ಎದ್ದು ಬಂದೆ. ಮತ್ತೆ ಒತ್ತಿದಳು. ಮುಚ್ಚಿದ ಕಣ್ಣು ತೆರೆದು ಹೊಗೆಯಂಥ ಶರಣವ್ವ ಮೂಡಿದಳು. ಇನ್ನೊಮ್ಮೆ ಒತ್ತಿದ್ದೇ ತಡ, ಶರಣವ್ವ ಮೈತುಂಬಿಕೊಂಡು, ನನ್ನ ಮುಖಕ್ಕೆ ಮೊಣಕೈ ಅಡ್ಡ ಹಿಡಿದು ಮೊದಲಿನಂತೆ ಕೂತಳು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

"ಬೆಕ್ಕಿಗೆ ನಮ್ಮವ್ವನ ಮ್ಯಾಲ ಏನು ಸಿಟ್ಟಿತ್ತೋ ಏನೋ, ಅತ್ತಿ" ಅಂದಳು ಗಿರಿಜಾ. ಈ ಸಲ ಪಿಸುಮಾತಿನಲ್ಲಿ ಅಲ್ಲ.

ಶರಣವ್ವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಎರಡು ಮಾತು ಆಡಿ ಗೆಲ್ಲುತ್ತಿದ್ದೆ. ಸಾವಕಾಶ ಕೌದಿಯ ಹತ್ತಿರ ಕೂತು ಸೂಜಿ ಎತ್ತಿಕೊಂಡಳು. "ನನ್ನ ಕಣ್ಣು ಮುಚ್ಚಿಸಿಬಿಟ್ಟಿರಲ್ಲ ಬೀಗರ, ಸೂಜಿ ಯಾರು ಪೋಣಿಸಬೇಕಂತ ಮಾಡಿದ್ರಿ?"

ಪೂರ್ಣಿ ನಮ್ಮಿಬ್ಬರನ್ನೂ ಪಕ್ಕಪಕ್ಕಕ್ಕೆ ಸರಿಸಿ ಕಾಲೇಜಿಗೆ ಒಯ್ದಳು. "ಮೊದಲೇ ಸರಸೋಳಿದ್ದೆ ಅಜ್ಜಿ, ಕೆಲಸ ಇನ್ನೂ ಮುಗಿದಿದ್ದಿಲ್ಲ" ಅಂದಳು. ಇದ್ದರೂ ಇರಬಹುದು. ನನ್ನ ಮುಖ ಪೂರ್ತಿ ಬಂದಿದೆ, ಅಲ್ಲಿಯವರು ಮೆಚ್ಚಿದರಂತೆ. ಯಾರನ್ನು ಮೆಚ್ಚಿದರು ಅಂತ ಮಾತ್ರ ಆಕೆ ಬಿಡಿಸಿ ಹೇಳುತ್ತಿಲ್ಲ.

ಆವತ್ತಿನಿಂದ ಬೀಗ್ತಿ ಪೋಣಿಸುವ ದಾರ ಮೊದಲಿನಷ್ಟು ಉದ್ದ ಇಲ್ಲ ಅಂತ ನನ್ನ ಗುಮಾನಿ. ಒಂದು ಸಾಲು ಹೊಲಿಯುವುದರೊಳಗೆ ಮುಗಿದುಹೋಗುತ್ತದೆ. ಮತ್ತೆ "ಬೀಗರ, ಇದೊಂದು ಪೋಣಿಸಿ ಕೊಡ್ರಿ" ಅಂತ ನಾನು ಕೈ ಚಾಚಬೇಕು. ನೆಟ್ಟಗೆ ಕೇಳಿಯೇಬಿಡಬೇಕು ಅಂತ ದಿನಾ ಬಾಯಿ ತೆರೆಯುತ್ತೇನೆ. ಆದರೆ ಅಷ್ಟೊತ್ತಿಗೆ ಸೂಜಿ ಆಕೆಯ ಕೈಯಲ್ಲಿರುತ್ತದೆ.