ಕಂಚಿನ ಪಾತ್ರೆ ನೋಡಲು ಏಳು ಜನ

ಜುಲೈ ಐದು, ಶನಿವಾರ. ಸಿಡ್ನಿಯಲ್ಲಿ ಒಳ್ಳೆಯ ಬಿಸಿಲು; ಕಾವು ಮಾತ್ರ ಇಲ್ಲ. ನಮ್ಮವರು ನಾಲ್ಕು ಜನ ಸೇರಿ ಎಲ್ಲಿಗಾದರೂ ಹೊರಟರೆ, ತಲುಪುವ ಮೊದಲೇ ಹೇಳಿಕೊಳ್ಳುವಷ್ಟು ನಡೆದುಹೋಗಿರುತ್ತದೆ.

ಅಂದು ಬೆಳಗ್ಗೆ ಮಗಳು ಫೋನ್ ಮಾಡಿದಳು. ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದುತ್ತಾಳೆ. ಅಲ್ಲಿನ ಪುಟ್ಟ ಮ್ಯೂಸಿಯಂ ಒಂದರಲ್ಲಿ, ಪ್ರಾಚೀನ ಚೀನಾದ ಇತಿಹಾಸದ್ದು, ಗೈಡ್ ಆಗಲು ತರಬೇತಿ ಮುಗಿಸಿದ್ದಳು. ಮುಂದಿನ ಶನಿವಾರ ಅವಳ ಮೊದಲ ಟೂರ್. ಹತ್ತು ಜನ ಬುಕ್ ಮಾಡದಿದ್ದರೆ ಕ್ಯಾನ್ಸಲ್. ಮಾಡಿದ್ದವರು ಮೂವರು.

"ಅಪ್ಪಾ, ಪ್ಲೀಸ್, ಸೆವೆನ್ ಮೋರ್. ಬಟ್ ಡೋಂಟ್ ಟೆಲ್ ದೆಮ್ ಇಟ್ಸ್ ಮೀ," ಅಂದಳು.

ಅವಳು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು. ನಾನು ಎರಡರಲ್ಲೂ ಹೆಚ್ಚು ಮಾತನಾಡುವವನಲ್ಲ. ಅಂಥವನು ಕಾರಣ ಹೇಳದೆ ಏಳು ಜನರನ್ನು ವಿಮಾನ ಹತ್ತಿಸಬೇಕಿತ್ತು.

ಪಕ್ಕದ ಮೇಜು

ಸೋಮವಾರ ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಪಕ್ಕದ ಮೇಜಿನವನನ್ನು ಹಿಡಿದೆ. ಚೀನಾದಲ್ಲೇ ಹುಟ್ಟಿ ಬೆಳೆದವನು.

"ಮೆಲ್ಬರ್ನ್‌ನಲ್ಲಿ ನಿಮ್ಮ ಕಡೆಯ ಮೂರು ಸಾವಿರ ವರ್ಷದ ಕಂಚಿನ ಪಾತ್ರೆಗಳಿವೆಯಂತೆ. ಬರ್ತೀಯಾ?"

"ನಮ್ಮಮ್ಮ ಯಾವ ಹಳೇ ಪಾತ್ರೆಯನ್ನೂ ಎಸೆದವಳಲ್ಲ. ಬಾಲ್ಯವಿಡೀ ಅದನ್ನೇ ನೋಡಿದ್ದೇನೆ."

ನನಗೆ ರೇಗಿತು. ಸ್ವಂತ ನಾಡಿನ ಚರಿತ್ರೆಯ ಬಗ್ಗೆ ಹೆಮ್ಮೆ ಬೇಡವೇ ಎಂದು, ನನ್ನ ಲೆಕ್ಕಕ್ಕೆ ದೊಡ್ಡದೇ ಆದ ಭಾಷಣ ಮಾಡಿದೆ. ಅವನು ಪೂರ್ತಿ ಕೇಳಿ, "ನೀನು ಹಂಪಿ ನೋಡಿದ್ದೀಯಾ?" ಅಂದ.

"ಇಲ್ಲ."

ಅವನು ಮೊಬೈಲ್ ತೆಗೆದು, ಕಲ್ಲಿನ ರಥದ ಮುಂದೆ ಹೆಂಡತಿಯ ಜೊತೆ ನಿಂತ ಫೋಟೊ ತೋರಿಸಿದ.

ಎದುರುಮನೆ

ಇನ್ನು ಉಳಿದದ್ದು ದಿ ಪಾಂಡ್ಸ್ ಬಡಾವಣೆಯ ನಮ್ಮ ಬೀದಿ. ಎದುರುಮನೆಯವರು ಪ್ರತಿ ನವೆಂಬರ್‌ನಲ್ಲಿ ಕನ್ನಡ ನಾಟಕ ಆಡಿಸುತ್ತಾರೆ. ಪಾತ್ರ ಮಾಡಿ ಎಂದು ಪ್ರತಿವರ್ಷ ನನ್ನನ್ನು ಕೇಳುತ್ತಾರೆ. ಪ್ರತಿವರ್ಷ ನಾನು ಕುರ್ಚಿ ಜೋಡಿಸಿ ತಪ್ಪಿಸಿಕೊಳ್ಳುತ್ತೇನೆ.

"ಚೀನಾ ಮ್ಯೂಸಿಯಂಗಾ? ಏನ್ ಸಾರ್, ಹುಷಾರಾಗಿದೀರ ತಾನೆ?"

"ಏಳು ಜನ ಬೇಕು."

"ಯಾಕೆ?"

"ಇತಿಹಾಸ."

ಅವರು ನನ್ನ ಮುಖವನ್ನೇ ನೋಡಿದರು. "ನನ್ನ ನಾಟಕದ ತಂಡ ಇದೆ. ಹೊರಡಿಸ್ತೀನಿ, ಖರ್ಚು ಅವರವರದೇ. ಆದ್ರೆ ನೀವೂ ಒಂದು ಮಾತು ಕೊಡ್ಬೇಕು," ಎಂದು ಅದೇನೆಂದು ಕಿವಿಯಲ್ಲಿ ಹೇಳಿದರು. ತಲೆಯಾಡಿಸಿಬಿಟ್ಟೆ. ಮನೆಯಲ್ಲೂ ಹೇಳಲಿಲ್ಲ.

ತಂಡದಲ್ಲಿ ಒಬ್ಬರು ಮಂಗಳೂರಿನ ಆಂಟಿ. ವಾಟ್ಸಾಪಿನಲ್ಲಿ ಅವರದೇ ಮೊದಲ ಮಾತು: "ಪಾತ್ರೆ ನೋಡ್ಲಿಕ್ಕೆ ಮೆಲ್ಬರ್ನಿಗೆ ಯಾಕೆ ಮಾರಾಯ್ರೆ? ಇರ್ಲಿ, ತಿನ್ಲಿಕ್ಕೆ ಏನು ತರುದು?" ಸಂಜೆಯೊಳಗೆ ಪುಳಿಯೋಗರೆ ಯಾರು, ಚಟ್ನಿಪುಡಿ ಯಾರು ಎಂದು ನಿಶ್ಚಯವಾಯಿತು. ಮ್ಯೂಸಿಯಂ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಮೆಲ್ಬರ್ನ್

ಶನಿವಾರ ನಾವೆಲ್ಲ ಮ್ಯೂಸಿಯಂ ಮುಂದೆ ನಿಂತಿದ್ದಾಗ ಗೈಡ್ ಹೊರಗೆ ಬಂದಳು. ಆಂಟಿ ನನ್ನ ಕಡೆ ತಿರುಗಿದರು. "ಇವಳು ನಿಮ್ಮ ಮಗಳಲ್ವಾ? ಹೇಳಿದ್ರೆ ನಿಮ್ಮ ಬಾಯಿಯ ಮುತ್ತು ಉದುರಿಹೋಗ್ತಿತ್ತಾ?"

ಮಗಳು ಅಳುಕದೆ ಶುರುಮಾಡಿದಳು. ತೂತಿನ ತಳದ ಕಂಚಿನ ಪಾತ್ರೆಯೊಂದರ ಮುಂದೆ ಆಂಟಿ ಮತ್ತೆ ಕೂಗಿದರು. "ಇದು ನಾವು ಇಡ್ಲಿ ಬೇಯಿಸುದಲ್ವಾ!"

ಎಲ್ಲರೂ ಶ್ ಅಂದರು. ಮಗಳು ಕನ್ನಡದಲ್ಲಿ, ಅಷ್ಟು ಜನರ ಎದುರು, ಹೇಳಿದಳು: "ಹೌದು ಆಂಟಿ. ಕೆಳಗೆ ನೀರು ಕುದಿಸೋದು, ಮೇಲೆ ಧಾನ್ಯ. ಹಬೆಯಲ್ಲೇ ಬೇಯಿಸ್ತಿದ್ರು." ಆಮೇಲೆ ಮೊದಲೇ ಬುಕ್ ಮಾಡಿದ್ದ ಆ ಮೂವರಿಗೆ ಅದನ್ನೇ ಇಂಗ್ಲಿಷಿನಲ್ಲಿ ತಿಳಿಸಿದಳು.

ನಾನು ಆ ಪಾತ್ರೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ.

ಟೂರ್ ಮುಗಿದು, ಪಾರ್ಕಿನಲ್ಲಿ ಪುಳಿಯೋಗರೆ ಹಂಚುವಾಗ ಮಗಳು ಎದುರುಮನೆಯವರನ್ನು ಕೇಳಿದಳು. "ಅಂಕಲ್, ಅಪ್ಪ ಯಾರ ಹತ್ರಾನೂ ಮಾತೇ ಆಡಲ್ಲ. ನಿಮ್ಮನ್ನೆಲ್ಲ ಹೇಗೆ ಕರ್ಕೊಂಡು ಬಂದ್ರು? ಏನು ಕೊಟ್ರು?"

ನಾನು ಚಟ್ನಿಪುಡಿ ಹುಡುಕತೊಡಗಿದೆ.

"ನಮ್ಮ ನಾಟಕದ ರಾಕ್ಷಸಿ ಪಾತ್ರಕ್ಕೆ ಯಾರೂ ಸಿಕ್ಕಿರಲಿಲ್ಲ ಕಣಮ್ಮ," ಅಂದರು ಅವರು. "ನವೆಂಬರ್‌ನಲ್ಲಿ ನಿಮ್ಮಪ್ಪ ಸೀರೆ ಉಡ್ತಾರೆ. ಎರಡು ಹಾಡು, ಒಂದು ಕುಣಿತ."